ಮುಟ್ಟು ನಿಂತ ಮೇಲೆ ಕೊಲೆಸ್ಟರಾಲ್: ನಡಿಗೆಯಿಂದ ಯಾವುದು ಇಳಿಯುತ್ತೆ, ಯಾವುದು ಇಳಿಯಲ್ಲ?

ಕ್ಯಾತ್ಸಂದ್ರ_ಲ್ಯಾಬ್

ತುಮಕೂರಿನ ಅಮಾನಿಕೆರೆ ಸುತ್ತ ಬೆಳಿಗ್ಗೆ ನಡೆಯೋ ಹೆಂಗಸರಲ್ಲಿ ನಲವತ್ತೈದು ದಾಟಿದವರ ದೂರು ಒಂದೇ: "ಇಷ್ಟು ನಡೆದ್ರೂ ಕೆಟ್ಟ ಕೊಲೆಸ್ಟರಾಲ್ ಇಳೀಲಿಲ್ಲ". ಚರ್ಚೆಗೆ ಅನುಕೂಲ ಆಗಲಿ ಅಂತ ಒಂದು ಮಾದರಿ ರಿಪೋರ್ಟ್ ಹಾಕ್ತಿದ್ದೀನಿ. ವಯಸ್ಸು 49, ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದೆ, ಕೊಲೆಸ್ಟರಾಲ್ ಮಾತ್ರೆ ಇಲ್ಲ. ವಾರಕ್ಕೆ 5 ದಿನ, ದಿನಕ್ಕೆ 45 ನಿಮಿಷ ಬಿರುಸು ನಡಿಗೆ, ರಾತ್ರಿ ಅನ್ನ ಅರ್ಧ, ಒಟ್ಟು 16 ವಾರ.

ಮೊದಲು (ಎಲ್ಲಾ ಅಂಕಿ ಮಿಗ್ರಾಂ/ಡೆಸಿಲೀಟರ್): ಒಟ್ಟು ಕೊಲೆಸ್ಟರಾಲ್ 232, ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) 210, ಎಚ್‌ಡಿಎಲ್ (ಒಳ್ಳೇ ಕೊಲೆಸ್ಟರಾಲ್) 40, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 150.
ಆಮೇಲೆ: ಒಟ್ಟು 222, ಟ್ರೈಗ್ಲಿಸರೈಡ್ 140, ಎಚ್‌ಡಿಎಲ್ 43, ಎಲ್‌ಡಿಎಲ್ 151.

ಎಲ್‌ಡಿಎಲ್ ಒಂದು ಪಾಯಿಂಟ್ ಏರಿದೆ. ನಡೆದಿದ್ದು ದಂಡ ಅನ್ನೋಣವೇ?

ಲಿಪಿಡ್_ಲೆಕ್ಕ

ದಂಡ ಅನ್ನೋ ಮುಂಚೆ ಆ 151 ಎಲ್ಲಿಂದ ಬಂತು ನೋಡಿ. ನಮ್ಮ ಕಡೆ ಬಹಳಷ್ಟು ಲ್ಯಾಬ್‌ಗಳಲ್ಲಿ ಎಲ್‌ಡಿಎಲ್‌ನ ನೇರವಾಗಿ ಅಳೆಯಲ್ಲ, ಕಳೆದು ಬರೀತಾರೆ. ಒಟ್ಟು ಕೊಲೆಸ್ಟರಾಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ 5ನೇ ಒಂದು ಭಾಗವನ್ನೂ ಕಳೆದರೆ ಉಳಿಯೋದೇ ಎಲ್‌ಡಿಎಲ್. 232 − 40 − 42 = 150. 222 − 43 − 28 = 151. ಟ್ರೈಗ್ಲಿಸರೈಡ್ ಇಳಿದಷ್ಟೂ ಕಳೆಯೋ ಮೊತ್ತ ಚಿಕ್ಕದಾಗುತ್ತೆ, ಹಾಗಾಗಿ ಎಲ್‌ಡಿಎಲ್ ನಿಂತಲ್ಲೇ ನಿಂತ ಹಾಗೆ ಕಾಣುತ್ತೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಪೂರ್ತಿ ಕೈಕೊಡುತ್ತೆ, ಆಗ ನೇರ ಎಲ್‌ಡಿಎಲ್ ಕೇಳಿ ಮಾಡಿಸಬೇಕು.

ಈ ರಿಪೋರ್ಟ್‌ನಲ್ಲಿ ನೋಡಬೇಕಾದ್ದು ಒಟ್ಟರಲ್ಲಿ ಎಚ್‌ಡಿಎಲ್ ಕಳೆದ ಅಂಕಿ. ಮೊದಲು 192, ಈಗ 179. ರಕ್ತನಾಳಕ್ಕೆ ತೊಂದರೆ ಕೊಡೋ ಎಲ್ಲಾ ಕಣಗಳ ಕೊಲೆಸ್ಟರಾಲ್ ಇದರೊಳಗೇ ಇದೆ, ಉಪವಾಸ ಇದ್ದರೂ ಇಲ್ಲದಿದ್ದರೂ ಅಷ್ಟಾಗಿ ಏರುಪೇರಾಗಲ್ಲ. 13 ಇಳಿದಿದೆ. ಇನ್ನು 150, 151 ಅಂತ ತಲೆ ಕೆಡಿಸ್ಕೊಳ್ಳೋದು ಬೇಡ. ಏನೂ ಬದಲಾಯಿಸದೆ ಎರಡು ವಾರ ಬಿಟ್ಟು ಅದೇ ಮನುಷ್ಯರ ರಕ್ತ ತೆಗೆದರೂ ಎಲ್‌ಡಿಎಲ್ ಶೇ. 8ರ ಆಸುಪಾಸು ಆಚೀಚೆ ಆಗುತ್ತೆ, ಟ್ರೈಗ್ಲಿಸರೈಡ್ ಅಂತೂ ಶೇ. 20.

ಯಕೃತ್ತು_ಪಾಠ

ಲೆಕ್ಕ ಸರಿ ಇದೆ. ಆದರೆ ಎಲ್‌ಡಿಎಲ್ 150ರಲ್ಲೇ ಕೂತಿರೋದಕ್ಕೆ ಸೂತ್ರ ಒಂದೇ ಕಾರಣ ಅಲ್ಲ, ಅದರ ಹಿಂದೆ ಲಿವರ್ ಇದೆ.

ರಕ್ತದಲ್ಲಿರೋ ಎಲ್‌ಡಿಎಲ್ ಕಣಗಳನ್ನ ಹಿಡಿದು ಒಳಗೆ ಎಳ್ಕೊಳ್ಳೋ ಗ್ರಾಹಕಗಳು ಲಿವರ್ ಜೀವಕೋಶದ ಮೇಲ್ಮೈಲಿ ಇರ್ತವೆ. ಕೋಲಾರದ ಕೆರೆಗಳಲ್ಲಿ ನೀರಿನ ಮಟ್ಟ ಬರೀ ಮಳೆ ಮೇಲೆ ನಿಲ್ಲಲ್ಲ, ತೂಬು ಎಷ್ಟು ತೆರೆದಿದೆ ಅನ್ನೋದರ ಮೇಲೂ ನಿಲ್ಲುತ್ತಲ್ಲ, ಹಾಗೆ. ಅಂಡಾಶಯದ ಹಾರ್ಮೋನ್ ಈಸ್ಟ್ರೋಜನ್ ಇದ್ದಾಗ ಗ್ರಾಹಕಗಳು ಹೆಚ್ಚು ತಯಾರಾಗ್ತವೆ. ಜೊತೆಗೆ ಪಿಸಿಎಸ್‌ಕೆ9 ಅನ್ನೋ ಪ್ರೋಟೀನ್ ಹತೋಟಿಯಲ್ಲಿರುತ್ತೆ. ಗ್ರಾಹಕವನ್ನ ಮತ್ತೆ ಮೇಲ್ಮೈಗೆ ಬರೋಕೆ ಬಿಡದೆ ಜೀವಕೋಶದೊಳಗೇ ಎಳೆದು ಕರಗಿಸೋ ಪ್ರೋಟೀನ್ ಅದು. ಹಾರ್ಮೋನ್ ಹೋದ ಮೇಲೆ ಎರಡೂ ಕಡೆಯಿಂದ ಪೆಟ್ಟು. ಮುಟ್ಟು ನಿಲ್ಲೋ ವಯಸ್ಸಿನ ಹೆಂಗಸರನ್ನ ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಸ್ವಾನ್ ಅಧ್ಯಯನದ 2009ರ ವರದಿಯಲ್ಲಿ 1,054 ಹೆಂಗಸರ ಅಂಕಿ ಇಟ್ಟು ತೋರಿಸಿದ್ದು ಇದನ್ನೇ: ಕೊನೆಯ ಮುಟ್ಟಿನ ಆಚೀಚೆಯ ಒಂದು ವರ್ಷದ ಒಳಗೇ ಎಲ್‌ಡಿಎಲ್, ಅಪೋ-ಬಿ (ಅಂಥ ಕಣಗಳ ಮೇಲಿರೋ ಪ್ರೋಟೀನ್) ಥಟ್ಟನೆ ಏರ್ತವೆ. ವಯಸ್ಸಾಗ್ತಾ ನಿಧಾನಕ್ಕೆ ಏರೋ ಏರಿಕೆಯೇ ಬೇರೆ, ಇದೇ ಬೇರೆ. ಆಪರೇಷನ್‌ನಲ್ಲಿ ಅಂಡಾಶಯ ತೆಗೆದರೆ ನಿಧಾನದ ಮಾತೇ ಇಲ್ಲ, ಹಾರ್ಮೋನ್ ಕೆಲವೇ ದಿನದಲ್ಲಿ ನೆಲ ಕಚ್ಚುತ್ತೆ.

ಈಗ ವ್ಯಾಯಾಮಕ್ಕೆ ಬನ್ನಿ. ಏರೋಬಿಕ್ ವ್ಯಾಯಾಮ ಮುಖ್ಯವಾಗಿ ಕೆಲಸ ಮಾಡೋದು ಆ ಗ್ರಾಹಕದ ಮೇಲಲ್ಲ, ಸ್ನಾಯುವಿನಲ್ಲಿ. ದುಡಿದ ಸ್ನಾಯುವಿನ ಸಣ್ಣ ರಕ್ತನಾಳಗಳ ಗೋಡೆ ಮೇಲೆ ಲೈಪೊಪ್ರೋಟೀನ್ ಲೈಪೇಸ್ ಅನ್ನೋ ಕಿಣ್ವ ಹೆಚ್ಚುತ್ತೆ. ಅದು ವಿಎಲ್‌ಡಿಎಲ್ ಅನ್ನೋ, ಟ್ರೈಗ್ಲಿಸರೈಡ್ ಹೊತ್ತು ತಿರುಗೋ ಕಣಗಳಿಂದ ಟ್ರೈಗ್ಲಿಸರೈಡ್ ಬಿಡಿಸಿ ಸ್ನಾಯುವಿಗೆ ಉರುವಲಾಗಿ ಕೊಡುತ್ತೆ. ಬಿಡಿಸಿದ ಕಣದ ಮೇಲ್ಪದರ ಎಚ್‌ಡಿಎಲ್‌ಗೆ ಸೇರುತ್ತೆ. ಅದಕ್ಕೇ ಮೊದಲು ಟ್ರೈಗ್ಲಿಸರೈಡ್ ಇಳಿಯೋದು, ಆಮೇಲೆ ಎಚ್‌ಡಿಎಲ್ ಸ್ವಲ್ಪ ಏರೋದು, ಎಲ್‌ಡಿಎಲ್ ಹೆಚ್ಚೂಕಮ್ಮಿ ಅಲ್ಲೇ ಇರೋದು.

ಹಾರ್ಮೋನ್ ಕೊರತೆಗೆ ವ್ಯಾಯಾಮ ನೇರ ಎದುರು ನಿಲ್ಲೋ ಜಾಗವೂ ಒಂದಿದೆ, ಹೆಪಾಟಿಕ್ ಲೈಪೇಸ್ ಅನ್ನೋ ಲಿವರ್‌ನ ಕಿಣ್ವ. ಈಸ್ಟ್ರೋಜನ್ ಇದನ್ನ ಅದುಮಿಟ್ಟಿರುತ್ತೆ. ಮುಟ್ಟು ನಿಂತ ಮೇಲೆ ಈ ಕಿಣ್ವ ಹೆಚ್ಚಾಗಿ, ದೊಡ್ಡ ಎಚ್‌ಡಿಎಲ್ ಕಣಗಳು ಕಡಿಮೆಯಾಗ್ತವೆ, ಎಲ್‌ಡಿಎಲ್ ಕಣಗಳು ಸಣ್ಣದಾಗಿ ದಟ್ಟವಾಗ್ತವೆ. ತಿಂಗಳುಗಟ್ಟಲೆ ನಡೆಸಿದ ವ್ಯಾಯಾಮ ಈ ಕಿಣ್ವವನ್ನ ಸ್ವಲ್ಪ ತಗ್ಗಿಸುತ್ತೆ. ಅಂಡಾಶಯ ತೆಗೆದ ಇಲಿಗಳಲ್ಲಿ ಲಿವರ್‌ಗೆ ಕೊಬ್ಬು ತುಂಬ್ಕೊಳ್ಳುತ್ತೆ, ಟ್ರೆಡ್‌ಮಿಲ್ ಓಡಿಸಿದ ಇಲಿಗಳಲ್ಲಿ ಕಡಿಮೆ ತುಂಬುತ್ತೆ ಅನ್ನೋದೂ ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇದ್ಯಾವುದೂ ಮಾಮೂಲಿ ಲಿಪಿಡ್ ರಿಪೋರ್ಟ್‌ನಲ್ಲಿ ಕಾಣಲ್ಲ.

ಗುಬ್ಬಿ_ಗೇಟ್

ಅಂದ್ರೆ ಕಾಣದ ಲಾಭ ನಂಬ್ಕೊಂಡು ನಡೀಬೇಕು. 2007ರ ಡ್ರೂ ಅಧ್ಯಯನ ನೋಡಿ. ಮುಟ್ಟು ನಿಂತ, ತೂಕ ಹೆಚ್ಚಿದ್ದ 464 ಹೆಂಗಸರು, 6 ತಿಂಗಳು, ಮೂರು ಪ್ರಮಾಣದ ವ್ಯಾಯಾಮ. ಏದುಸಿರಿಲ್ಲದೆ ದುಡಿಯೋ ಶಕ್ತಿ ವ್ಯಾಯಾಮ ಮಾಡಿದ ಎಲ್ಲರಿಗೂ ಹೆಚ್ಚಾಯ್ತು, ಹೆಚ್ಚು ಮಾಡಿದವರಿಗೆ ಹೆಚ್ಚು. ಕೊಲೆಸ್ಟರಾಲ್‌ನಲ್ಲಿ ಹೇಳಿಕೊಳ್ಳೋ ಹಾಗೆ ಏನೂ ಆಗಲಿಲ್ಲ.

ಯಕೃತ್ತು_ಪಾಠ

ಹೌದು, ಅದು ಸರಿಯಾದ ಆಕ್ಷೇಪ. ಆದರೆ ಅಲ್ಲಿ ಆಹಾರ ಮುಟ್ಟಿರಲಿಲ್ಲ. ಅದರ ಪಕ್ಕದಲ್ಲಿ 1998ರ ನ್ಯೂ ಇಂಗ್ಲೆಂಡ್ ಜರ್ನಲ್‌ನ ಅಧ್ಯಯನ ಇಟ್ಟು ನೋಡಿ. ಅದರಲ್ಲಿ ಮುಟ್ಟು ನಿಂತ ಹೆಂಗಸರು 180 ಜನ, ಗಂಡಸರು 197 ಜನ, ಒಂದು ವರ್ಷ. ಗುಂಪು ನಾಲ್ಕು: ಬರೀ ಪಥ್ಯ, ಬರೀ ವ್ಯಾಯಾಮ, ಎರಡೂ, ಏನೂ ಇಲ್ಲ. ಏನೂ ಮಾಡದವರಿಗೆ ಹೋಲಿಸಿದರೆ ಎಲ್‌ಡಿಎಲ್ ನಿಜವಾಗಿ ಇಳಿದದ್ದು ಎರಡೂ ಮಾಡಿದ ಗುಂಪಿನಲ್ಲಿ ಮಾತ್ರ. ಹೆಂಗಸರಲ್ಲಿ ಸರಾಸರಿ 14.5. ಪಥ್ಯ ಒಂದೇ ಮಾಡಿದವರಿಗೂ ದಕ್ಕಲಿಲ್ಲ. ಹಾಗಾಗಿ "ಬಾಯಿ ಕಟ್ಟಿದ್ದೀನಿ, ನಡಿಗೆ ಯಾಕೆ" ಅನ್ನೋರಿಗೂ "ನಡೀತೀನಲ್ಲ, ಬೆಣ್ಣೆ ತಟ್ಟೆ ಇಡ್ಲಿ ಇರಲಿ" ಅನ್ನೋರಿಗೂ ಉತ್ತರ ಒಂದೇ.

ಕೋಲಾರ_ಫಿಸಿಯೊ

ಪ್ರಮಾಣದ ಮಾತು ಇನ್ನೂ ಯಾರೂ ಎತ್ತಿಲ್ಲ, ನಾನು ಬರೀತೀನಿ.

2007ರಲ್ಲಿ 25 ಪ್ರಯೋಗಗಳನ್ನ ಒಟ್ಟು ಸೇರಿಸಿ ನೋಡಿದಾಗ ಎಚ್‌ಡಿಎಲ್ ಏರಿದ್ದು ಸರಾಸರಿ 2.5. ಅಷ್ಟು ಏರೋಕೂ ವಾರಕ್ಕೆ ಕನಿಷ್ಠ 120 ನಿಮಿಷ, ಅಥವಾ 900 ಕ್ಯಾಲೊರಿ ಖರ್ಚಾಗೋ ವ್ಯಾಯಾಮ ಬೇಕಿತ್ತು. 60 ಕಿಲೊ ತೂಕದವರು ಬಿರುಸಾಗಿ 1 ಕಿ.ಮೀ. ನಡೆದರೆ ಸುಮಾರು 45 ಕ್ಯಾಲೊರಿ ಅಂತ ಹಿಡಿಯಿರಿ. 900ಕ್ಕೆ 20 ಕಿ.ಮೀ. ವಾರಕ್ಕೆ 5 ದಿನ, ದಿನಕ್ಕೆ 4 ಕಿ.ಮೀ., ಸುಮಾರು 45 ನಿಮಿಷ. ಇದು ಕನಿಷ್ಠ. ಅದೇ ವಿಶ್ಲೇಷಣೆಯಲ್ಲಿ ಒಂದು ಸಲಕ್ಕೆ ಎಷ್ಟು ಹೊತ್ತು ಮಾಡ್ತೀರಿ ಅನ್ನೋದು ಮುಖ್ಯ ಆಗಿತ್ತು: 10 ನಿಮಿಷ ಹೆಚ್ಚಿಸಿದರೆ ಎಚ್‌ಡಿಎಲ್ 1.4 ಹೆಚ್ಚು. ಎಷ್ಟು ಜೋರಾಗಿ ಮಾಡಿದ್ದೀರಿ ಅನ್ನೋದಕ್ಕೆ ಅಂಥ ಸಂಬಂಧ ಕಾಣಲಿಲ್ಲ.

ಬಿರುಸು ಅಂದ್ರೆ ಎಷ್ಟು? ಸೀರೆ ಉಟ್ಟವರಿಗೆ ಹೆಜ್ಜೆ ಉದ್ದ ಸಿಗಲ್ಲ, ನಿರಿಗೆ ತಡೆಯುತ್ತೆ. ಹಾಗಾಗಿ ಗಂಟೆಗೆ ಎಷ್ಟು ಕಿ.ಮೀ. ಅಂತ ಫೋನ್ ನೋಡ್ಬೇಡಿ, ಹೆಜ್ಜೆ ಎಣಿಸಿ. 15 ಸೆಕೆಂಡಿಗೆ 25 ಹೆಜ್ಜೆ ಬಂದರೆ ನಿಮಿಷಕ್ಕೆ 100, ಅಲ್ಲಿಂದ ಮಧ್ಯಮ ತೀವ್ರತೆ ಶುರು. 28ರಿಂದ 30 ಬಂದರೆ ಚೆನ್ನಾಗಿದೆ. ಮಾತಾಡೋಕೆ ಆಗ್ಬೇಕು, ದೇವರನಾಮ ಹಾಡೋಕೆ ಆಗಬಾರದು. ನಾಲ್ಕು ಜನ ಅಡ್ಡಡ್ಡ ನಿಂತು ಸಂಬಂಧ ಕುದುರಿಸ್ತಾ ನಡೆದರೆ 18ಕ್ಕೆ ಇಳಿಯುತ್ತೆ, ಕೆರೆ ಹತ್ರ ಎಣಿಸಿ ನೋಡಿ ಬೇಕಾದ್ರೆ!

ನಾಡಿ ನೋಡೋರಿಗೆ, ಹೆಂಗಸರ ಸೂತ್ರ: 206ರಲ್ಲಿ ವಯಸ್ಸಿನ 0.88 ಪಟ್ಟು ಕಳೆಯಿರಿ. 49 ವರ್ಷಕ್ಕೆ 163. ಅದರ ಶೇ. 60ರಿಂದ 75 ಅಂದ್ರೆ 98ರಿಂದ 122. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ತಗೊಳ್ಳೋರು ಇದನ್ನ ಬಿಟ್ಟುಬಿಡಿ. ಆ ಮಾತ್ರೆ ನಾಡಿಯನ್ನೇ ಹಿಡಿದಿಡುತ್ತೆ, 110 ಮುಟ್ಟೋಕೆ ಹೋಗಿ ಏದುಸಿರು ಬರುತ್ತೆ. ಅವರಿಗೆ ಮಾತಿನ ಪರೀಕ್ಷೆಯೇ ಸರಿ.

ಶುರು ಮಾಡೋರು ಮೊದಲ ಎರಡು ವಾರ 20 ನಿಮಿಷ, ಆಮೇಲೆ ವಾರಕ್ಕೆ 5 ನಿಮಿಷ ಸೇರಿಸ್ತಾ ಹೋಗಿ. ಮೊದಲ 5 ನಿಮಿಷ, ಕೊನೆಯ 5 ನಿಮಿಷ ನಿಧಾನ. ನಡುವೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ. ಸ್ನಾಯುವಿನ ಲೈಪೇಸ್ ಏರಿಕೆ ಒಂದೆರಡು ದಿನದಲ್ಲಿ ಮಾಯ ಆಗುತ್ತೆ, ಶನಿವಾರ ಭಾನುವಾರ ಮಾತ್ರ ಎರಡೆರಡು ಗಂಟೆ ನಡೆದರೆ ಗುರುವಾರಕ್ಕೆ ಟ್ರೈಗ್ಲಿಸರೈಡ್ ಮೊದಲಿದ್ದಲ್ಲಿಗೇ ಬಂದಿರುತ್ತೆ.

ಶತಶೃಂಗ

ನಡಿಗೆ ಬದಲು ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಇಳಿದರೆ? ಅರ್ಧ ಹೊತ್ತಲ್ಲಿ ಮುಗಿಯುತ್ತೆ.

ಕೋಲಾರ_ಫಿಸಿಯೊ

ಹತ್ತೋದು ಚೆನ್ನ, ಇಳಿಯೋದರಲ್ಲೇ ಗ್ರಹಚಾರ. ಇಳಿವಾಗ ತೊಡೆ ಮುಂಭಾಗದ ಸ್ನಾಯು ಉದ್ದ ಆಗ್ತಾ ಭಾರ ತಡೆಯುತ್ತೆ. ಅಭ್ಯಾಸ ಇಲ್ಲದವರಿಗೆ ಎರಡನೇ ದಿನಕ್ಕೆ ಕೂತರೆ ಏಳೋಕಾಗಲ್ಲ, ಮಂಡಿಚಿಪ್ಪಿನ ಹಿಂದೆ ನೋವು. ನಂದಿ ಬೆಟ್ಟದ ಮೆಟ್ಟಿಲಿಗೂ ಇದೇ ಮಾತು. ಎರಡು ತಿಂಗಳ ಸಮತಟ್ಟು ನಡಿಗೆ ಆದ ಮೇಲೆ ವಾರಕ್ಕೊಮ್ಮೆ ಇಟ್ಟುಕೊಳ್ಳಿ.

ಮಳೆ ದಿನ ಮನೆ ಮೆಟ್ಟಿಲು ಒಂದೇ ಸಾಕು. 15 ಸೆಂ.ಮೀ. ಎತ್ತರ, ನಿಮಿಷಕ್ಕೆ 24 ಸಲ ಹತ್ತಿ ಇಳಿದರೆ ಖರ್ಚು ಸುಮ್ಮನೆ ಕೂತಿದ್ದಕ್ಕಿಂತ ಸುಮಾರು 5 ಪಟ್ಟು. ಬಿರುಸು ನಡಿಗೆಗಿಂತ ಸ್ವಲ್ಪ ಹೆಚ್ಚೇ. ಗೋಡೆ ಹಿಡ್ಕೊಳ್ಳಿ, ಪ್ರತಿ ನಿಮಿಷಕ್ಕೆ ಮೊದಲು ಇಡೋ ಕಾಲು ಬದಲಾಯಿಸಿ, ಪೂರ್ತಿ ಪಾದ ಮೆಟ್ಟಿಲ ಮೇಲಿರಲಿ.

ಚಿಂತಾಮಣಿ_ರೇಷ್ಮೆ

ಬೆಳಿಗ್ಗೆ ನಾಲ್ಕಕ್ಕೆದ್ದು ಹಾಲು ಕರೆದು, ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳುವಿನ ತಟ್ಟೆ ಬದಲಾಯಿಸೋ ಹೆಂಗಸರಿಗೆ ಮತ್ತೆ ವಾಕಿಂಗ್ ಹೋಗಿ ಅನ್ನೋದು ಪೇಟೆ ಮಾತಲ್ಲವೇ?

ಕೋಲಾರ_ಫಿಸಿಯೊ

ಸುಸ್ತಾಗೋದೂ ಉಸಿರು ಏರೋದೂ ಒಂದೇ ಅಲ್ಲ. ಹಾಲು ಕರೆಯೋದು, ಕಳೆ ಕೀಳೋದು ಸೊಂಟ ಮುರಿಯುತ್ತೆ, ಆದರೆ ಉಸಿರು ಏರಿಸಲ್ಲ. ಸೊಪ್ಪಿನ ಹೊರೆ ಹೊತ್ತು ತೋಟದಿಂದ ಹುಳುಮನೆಗೆ ನಡೆಯೋದು ಏರಿಸುತ್ತೆ, ಅದು ಲೆಕ್ಕಕ್ಕೆ ಬರುತ್ತೆ. ಅಂಥ ಕೆಲಸ ದಿನಕ್ಕೆ ಎಷ್ಟು ನಿಮಿಷ ಅಂತ ಕೂಡಿಸಿ, 30 ಇದ್ದರೆ ಉಳಿದ 15 ಮಾತ್ರ ನಡೀರಿ. ರಾತ್ರಿ ಮುದ್ದೆ ಉಂಡ ಮೇಲೆ ಆ 15 ನಿಮಿಷ ಇಟ್ಟರೆ ಸಕ್ಕರೆಗೂ ಒಳ್ಳೇದು.

ಡಿಸ್ಚಾರ್ಜ್_ಸಮ್ಮರಿ

ಒಂದು ಮುಖ್ಯ ವಿಷಯ. ನಮ್ಮ ಕಡೆ "ಗರ್ಭಕೋಶದ ಆಪರೇಷನ್ ಆಗಿದೆ" ಅಂತಾರೆ, ಅಂಡಾಶಯ ಉಳಿದಿದೆಯೋ ಹೋಗಿದೆಯೋ ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರಲ್ಲ. ಹಳೇ ಡಿಸ್ಚಾರ್ಜ್ ಚೀಟಿ ತೆಗೀರಿ. ಟಿಎಎಚ್ ಅಂತ ಮಾತ್ರ ಇದ್ದರೆ ಗರ್ಭಕೋಶ ಮಾತ್ರ ಹೋಗಿದೆ. ಮುಟ್ಟು ಬರಲ್ಲ, ಆದರೆ ಹಾರ್ಮೋನ್ ನಡೀತಿರುತ್ತೆ. ಪಕ್ಕದಲ್ಲಿ ಬಿಎಸ್ಒ ಅಂತ ಸೇರಿದ್ದರೆ ಎರಡೂ ಅಂಡಾಶಯ ಹೋಗಿವೆ. ಯುಎಸ್ಒ ಅಂದ್ರೆ ಒಂದು ಕಡೆಯದು.

45ರ ಒಳಗೆ ಬಿಎಸ್ಒ ಆದವರು ಸ್ತ್ರೀರೋಗ ತಜ್ಞರ ಹತ್ರ ಹಾರ್ಮೋನ್ ಚಿಕಿತ್ಸೆಯ ಮಾತು ಎತ್ತಲೇಬೇಕು. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇಲ್ಲದವರಿಗೆ, ಸಹಜವಾಗಿ ಮುಟ್ಟು ನಿಲ್ಲೋ ವಯಸ್ಸಿನ ತನಕ ಕೊಡೋದು ರೂಢಿ. ಎಲುಬಿಗೂ ಹೃದಯಕ್ಕೂ ಅದರ ಅಗತ್ಯ ಇದೆ. ಆದರೆ ಐವತ್ತು ದಾಟಿ ಸಹಜವಾಗಿ ನಿಂತವರು ಬರೀ ಕೊಲೆಸ್ಟರಾಲ್ ಇಳಿಸೋಕೆ ಹಾರ್ಮೋನ್ ಕೇಳೋದು ಬೇಡ. ನುಂಗೋ ಈಸ್ಟ್ರೋಜನ್ ಎಲ್‌ಡಿಎಲ್ ಇಳಿಸುತ್ತೆ, ಟ್ರೈಗ್ಲಿಸರೈಡ್ ಏರಿಸುತ್ತೆ. ಹೃದಯಾಘಾತ ತಡೆಯೋಕೆ ಅಂತ ಇದನ್ನ ಕೊಡೋ ಯೋಚನೆಗೆ 2002ರಲ್ಲಿ ಡಬ್ಲ್ಯುಎಚ್ಐ ಅನ್ನೋ ಅಮೆರಿಕದ ದೊಡ್ಡ ಹಾರ್ಮೋನ್ ಪ್ರಯೋಗದ ಫಲಿತಾಂಶ ಬಂದ ಮೇಲೆ ತೆರೆ ಬಿತ್ತು.

ತಿಪಟೂರು_ಕೊಬ್ಬರಿ

ಎಲ್ಲಾ ಸರಿ, ಕೊಬ್ಬರಿ ಎಣ್ಣೆ ಬಗ್ಗೆ ಯಾರೂ ಕಣ್ಣು ಹಾಕ್ಬೇಡಿ. ಒಳ್ಳೇ ಕೊಲೆಸ್ಟರಾಲ್ ಏರಿಸುತ್ತೆ ಅಂತ ನೀವೇ ಒಪ್ತೀರಿ.

ಲಿಪಿಡ್_ಲೆಕ್ಕ

ಎಚ್‌ಡಿಎಲ್ ಏರಿಸುತ್ತೆ, ನಿಜ. ಕಡಲೆಕಾಯಿ, ಸೂರ್ಯಕಾಂತಿ ಥರದ ಎಣ್ಣೆಗೆ ಹೋಲಿಸಿದರೆ ಎಲ್‌ಡಿಎಲ್‌ನೂ 10ರ ಹತ್ತಿರ ಏರಿಸುತ್ತೆ, ಅದೂ ನಿಜ. ಗ್ರಾಹಕ ಮೊದಲೇ ಕಡಿಮೆ ಆಗಿರೋ ವಯಸ್ಸಲ್ಲಿ ಕೊಬ್ಬರಿ ಎಣ್ಣೆಯಲ್ಲಿ ತುಂಬಿರೋ ಸ್ಯಾಚುರೇಟೆಡ್ ಕೊಬ್ಬು ಅವನ್ನ ಇನ್ನೂ ತಗ್ಗಿಸುತ್ತೆ. ಪಲ್ಯದ ಮೇಲೆ ಉದುರಿಸೋ ಒಂದು ಚಮಚ ಕಾಯಿತುರಿ ಬಗ್ಗೆ ಯಾರ ತಕರಾರೂ ಇಲ್ಲ. ಒಗ್ಗರಣೆಯಿಂದ ಕರಿಯೋ ತನಕ ಎಲ್ಲಾ ಕೊಬ್ಬರಿ ಎಣ್ಣೆಯಲ್ಲೇ ಆದರೆ ತಕರಾರು ಇದೆ. ಬೇಕರಿ ಬೆಣ್ಣೆ ಬಿಸ್ಕತ್ತು ಅದಕ್ಕಿಂತ ಕೆಟ್ಟದ್ದು, ಬಹಳಷ್ಟು ಬೇಕರಿಗಳಲ್ಲಿ ಅದರಲ್ಲಿರೋದು ವನಸ್ಪತಿ, ಪಾಮ್ ಎಣ್ಣೆ.

ಸೇರಿಸೋದಾದರೆ: ಹುರುಳಿ, ಅವರೆ, ಹೆಸರುಕಾಳಿನ ಬಸ್ಸಾರು ದಿನಕ್ಕೊಂದು ಹೊತ್ತು. ಹಿಂಡಿದ ಕಾಳು ಸೊಪ್ಪನ್ನ ಪಲ್ಯವಾಗಿ ಪೂರ್ತಿ ತಿನ್ನಬೇಕು, ಬರೀ ಕಟ್ಟು ಕುಡಿದರೆ ನಾರು ಪಾತ್ರೆಯಲ್ಲೇ ಉಳೀತು. ಇಸಬ್‌ಗೋಲ್ ದಿನಕ್ಕೆ ಒಟ್ಟು 10 ಗ್ರಾಂ, ಎರಡು ಪಾಲು ಮಾಡಿ ದೊಡ್ಡ ಲೋಟ ನೀರಲ್ಲಿ. ಅದು ಕರುಳಲ್ಲಿ ಪಿತ್ತರಸದ ಆಮ್ಲಗಳನ್ನ ಹಿಡ್ಕೊಂಡು ಹೊರಗೆ ಒಯ್ಯುತ್ತೆ. ಹೋದಷ್ಟನ್ನ ಮತ್ತೆ ಮಾಡೋಕೆ ಲಿವರ್ ರಕ್ತದ ಕೊಲೆಸ್ಟರಾಲ್ ಎಳ್ಕೊಳ್ಳುತ್ತೆ. ಎಲ್‌ಡಿಎಲ್‌ನಲ್ಲಿ ಶೇ. 5ರಿಂದ 10 ಇಳಿಯೋ ಸಾಧ್ಯತೆ ಇದೆ. ನೀರು ಕಡಿಮೆ ಆದರೆ ಮಲಬದ್ಧತೆ ಆಗುತ್ತೆ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಅದರ ಜೊತೆಗೆ ತಗೋಬೇಡಿ, ನಾಲ್ಕು ಗಂಟೆ ಅಂತರ ಇರಲಿ.

ಪಾವಗಡ_ಪಶ್ಚಿಮ

ಮಂಡಿನೋವು ಇರೋರ ಬಗ್ಗೆ ಹೇಳಿ. ಪಾವಗಡ, ಬಾಗೇಪಲ್ಲಿ ಕಡೆ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಜಾಸ್ತಿ, ಐವತ್ತಕ್ಕೇ ಸೊಂಟ ಕುತ್ತಿಗೆ ಬಿಗಿದಿರುತ್ತೆ.

ಕೋಲಾರ_ಫಿಸಿಯೊ

ಫ್ಲೋರೋಸಿಸ್ ಬಿಗಿತ ಇದ್ದರೆ ಬರೀ ಮಂಡಿ ಅಲ್ಲ, ಬೆನ್ನು ಬಗ್ಗಲ್ಲ, ಕುತ್ತಿಗೆ ತಿರುಗಲ್ಲ. ಅವರನ್ನ ಒಂದೇ ಸಲ 45 ನಿಮಿಷ ನಡೆಸಬೇಡಿ, 10-12 ನಿಮಿಷದ ನಾಲ್ಕು ಕಂತು ಮಾಡಿ. ಕೂತಲ್ಲೇ ಮಾಡೋದಕ್ಕೆ ಹಿಡಿ ಇರೋ ಸ್ಥಿರ ಸೈಕಲ್ ಚೆನ್ನ. ಸೀಟಿನ ಎತ್ತರ ನೋಡ್ಕೊಳ್ಳಿ: ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪ ಮಾತ್ರ ಬಾಗಿರಬೇಕು. ಸೀಟು ತಗ್ಗಾದರೆ ಮಂಡಿಚಿಪ್ಪಿನ ಮೇಲೆ ಒತ್ತಡ ಬಿದ್ದು ನೋವು ಹೆಚ್ಚುತ್ತೆ, "ಸೈಕಲ್ ಆಗಿಬರಲ್ಲ" ಅಂತ ಮೂಲೆಗೆ ತಳ್ತಾರೆ. ಹವಾಯಿ ಚಪ್ಪಲಿ ಬಿಡಿ, ಹಿಮ್ಮಡಿ ಹಿಡಿಯೋ ಶೂ ಹಾಕಿ. ಕುಡಿಯೋಕೆ, ಅಡುಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರೇ ಬಳಸಿ. ಇನ್ನು ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈಯೂರಿ ತಳ್ಳೋದು ಸೇರಿಸಿ. ಅಂಡಾಶಯ ಹೋದ ಮೇಲೆ ಎಲುಬಿಗೆ ನಡಿಗೆ ಒಂದೇ ಸಾಲದು.

ಮಾತ್ರೆ_ಡಬ್ಬಿ

ಕೊಲೆಸ್ಟರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಬರೆಸ್ಕೊಂಡಿರೋರು ಈ ಚರ್ಚೆ ಓದಿ ಮಾತ್ರೆ ನಿಲ್ಲಿಸ್ಬೇಡಿ. ನಡಿಗೆ ಎಲ್‌ಡಿಎಲ್ ಇಳಿಸಿದರೂ ಶೇ. 3ರ ಲೆಕ್ಕ, ರೊಸುವಾಸ್ಟಾಟಿನ್ 10 ಮಿಗ್ರಾಂ ಇಳಿಸೋದು ಶೇ. 45ರ ಆಸುಪಾಸು. ಯಾಕಂದ್ರೆ ಸ್ಟ್ಯಾಟಿನ್ ಕೆಲಸ ಮಾಡೋದು ಮೇಲೆ ಹೇಳಿದ ಆ ಗ್ರಾಹಕಗಳ ಮೇಲೇ. ಎಲ್‌ಡಿಎಲ್ 190 ದಾಟಿದವರು, ಸಕ್ಕರೆ ಕಾಯಿಲೆ ಇರೋರು, ಸ್ಟೆಂಟ್ ಆದವರು "ಆರು ತಿಂಗಳು ನಡೆದು ನೋಡ್ತೀನಿ" ಅಂತ ಮುಂದೂಡೋ ಹಾಗಿಲ್ಲ.

ಮೈಕೈ ನೋವು: ಎರಡೂ ತೊಡೆ, ಎರಡೂ ಭುಜ ಒಟ್ಟಿಗೆ ನೋಯ್ತಾ, ಮಾತ್ರೆ ಶುರುವಾದ ಕೆಲವೇ ವಾರದಲ್ಲಿ ಬಂದರೆ ಅನುಮಾನಿಸಿ, ವೈದ್ಯರಿಗೆ ಹೇಳಿ. ಒಂದೇ ಮಂಡಿಯ ನೋವಿಗೆ ಮಾತ್ರೆಯನ್ನ ಬೈಬೇಡಿ. ಸಿಪಿಕೆ (ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸೋ ರಕ್ತಪರೀಕ್ಷೆ) ಬರೆದುಕೊಟ್ಟರೆ ಅದಕ್ಕೆ ಮುಂಚಿನ ಮೂರ್ನಾಲ್ಕು ದಿನ ಬೆಟ್ಟ ಹತ್ತಬೇಡಿ, ಹತ್ತಿದ್ದಕ್ಕೇ ಅದು ಏರಿರುತ್ತೆ. ಮೂತ್ರ ಕಾಫಿ ಬಣ್ಣ ಬಂದರೆ ಮಾತ್ರ ಕಾಯಬೇಡಿ, ಅದೇ ದಿನ ಆಸ್ಪತ್ರೆ. ಇನ್ನೊಂದು, ದೇವನಹಳ್ಳಿ ಚಕ್ಕೋತ ಸೀಸನ್‌ನಲ್ಲಿ ಎಲ್ಲರ ಮನೆಗೂ ಬರುತ್ತೆ. ಗ್ರೇಪ್‌ಫ್ರೂಟ್‌ನಲ್ಲಿರೋ ಫ್ಯುರಾನೊಕೌಮರಿನ್ ಇದರಲ್ಲೂ ಇದೆ, ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಮೈಯೊಳಗೆ ಒಡೆದು ಹೋಗೋದನ್ನ ತಡೆಯುತ್ತೆ, ಮಾತ್ರೆ ರಕ್ತದಲ್ಲಿ ಹೆಚ್ಚಾಗಿ ಉಳಿಯುತ್ತೆ. ಅವೆರಡು ತಗೊಳ್ಳೋರು ಚಕ್ಕೋತ ದೂರ ಇಡೋದು ಒಳ್ಳೇದು. ರೊಸುವಾಸ್ಟಾಟಿನ್‌ಗೆ ಆ ತಾಪತ್ರಯ ಅಷ್ಟಿಲ್ಲ.

ಗುಬ್ಬಿ_ಗೇಟ್

ನನ್ನ ಆಕ್ಷೇಪ ಅರ್ಧ ಇಳೀತು. ಮುಂದಿನ ಪರೀಕ್ಷೆ ಯಾವಾಗ, ಹೇಗೆ? ಅದರಲ್ಲೇ ಎಡವಟ್ಟು ಜಾಸ್ತಿ.

ಕ್ಯಾತ್ಸಂದ್ರ_ಲ್ಯಾಬ್

ನಡಿಗೆ ಶುರುವಾಗಿ 12 ವಾರ ಆಗೋ ತನಕ ಮಾಡಿಸ್ಬೇಡಿ, ಎಚ್‌ಡಿಎಲ್ ಅಷ್ಟು ಬೇಗ ಮಾತು ಕೇಳಲ್ಲ. ಮಾತ್ರೆ ಶುರು ಮಾಡಿದವರದು ಬೇರೆ ಲೆಕ್ಕ, ಅವರಿಗೆ 4ರಿಂದ 12 ವಾರ. ಎರಡೂ ಸಲ ಒಂದೇ ಲ್ಯಾಬ್, ಒಂದೇ ಹೊತ್ತು. ರಾತ್ರಿ 8ಕ್ಕೆ ಊಟ ಮುಗಿಸಿ, ಬರೀ ನೀರು ಕುಡಿದು, ಬೆಳಿಗ್ಗೆ 7ಕ್ಕೆ ಬನ್ನಿ. ಹಿಂದಿನ ದಿನ ಮದುವೆ ಊಟ ಬೇಡ. ಅಂದು ಬೆಳಿಗ್ಗೆ ನಡಿಗೆ ಬೇಡ, ಹಿಂದಿನ ಸಂಜೆ ಮಾಮೂಲಿಗಿಂತ ಹೆಚ್ಚು ನಡೆದು ಟ್ರೈಗ್ಲಿಸರೈಡ್‌ಗೆ ಮೇಕಪ್ ಮಾಡೋದೂ ಬೇಡ. ಜ್ವರ, ಸೋಂಕು, ಆಪರೇಷನ್ ಆಗಿದ್ದರೆ ಕೆಲವು ವಾರ ಬಿಟ್ಟು ಬನ್ನಿ, ಆ ಸಮಯದಲ್ಲಿ ಎಲ್‌ಡಿಎಲ್ ಸುಳ್ಳೇ ಕಡಿಮೆ ಬರುತ್ತೆ.

ಮೊದಲ ಸಲ ಮಾಡಿಸೋರು ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಸೇರಿಸಿ. ಥೈರಾಯ್ಡ್ ಕುಗ್ಗಿದ್ದರೂ ಲಿವರ್‌ನ ಅದೇ ಗ್ರಾಹಕ ಕಡಿಮೆಯಾಗಿ ಎಲ್‌ಡಿಎಲ್ ಏರುತ್ತೆ. ಮುಟ್ಟು ನಿಲ್ಲೋ ವಯಸ್ಸಲ್ಲೇ ಅದೂ ಬರೋದರಿಂದ ಎಲ್ಲಾ ಹಾರ್ಮೋನ್ ಮೇಲೆ ಹಾಕಿ ಸುಮ್ಮನಾಗ್ತಾರೆ. ಟಿಎಸ್‌ಎಚ್ 14 (ಅಂದ್ರೆ ಥೈರಾಯ್ಡ್ ಕುಗ್ಗಿದೆ) ಇಟ್ಕೊಂಡು ಅಮಾನಿಕೆರೆಗೆ ಎಷ್ಟು ಸುತ್ತು ಹಾಕಿದ್ರೂ ಆ ಎಲ್‌ಡಿಎಲ್ ಜಗ್ಗಲ್ಲ. ಸೊಂಟದ ಅಳತೆಯನ್ನೂ ಬರೆದಿಡಿ: ಉಸಿರು ಬಿಟ್ಟು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯಕ್ಕೆ ಟೇಪ್, ಬರಿಮೈ ಮೇಲೆ, ಸೀರೆ ನಿರಿಗೆ ಮೇಲಲ್ಲ. ನಮ್ಮ ಹೆಂಗಸರಿಗೆ ಮಿತಿ 80 ಸೆಂ.ಮೀ. ತೂಕ ಇಳಿಯದೆ ಇದು 3-4 ಸೆಂ.ಮೀ. ಇಳಿದರೂ ಹೊಟ್ಟೆಯೊಳಗಿನ ಕೊಬ್ಬು ಕರಗಿದೆ ಅಂತ ಲೆಕ್ಕ.

ಕೋಲಾರ_ಫಿಸಿಯೊ

ಇದಕ್ಕೊಂದು ಸೇರಿಸಿ. ಬಿಪಿ 180/110 ಮೇಲಿದ್ದರೆ ಮೊದಲು ಅದನ್ನ ಇಳಿಸ್ಕೊಳ್ಳಿ, ಆಮೇಲೆ ನಡಿಗೆ. ಸಕ್ಕರೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತಗೊಳ್ಳೋರು ಜೇಬಲ್ಲಿ ಬೆಲ್ಲದ ತುಂಡು ಇಟ್ಕೊಳ್ಳಿ. ನಡೆವಾಗ ಎದೆ ಬಿಗಿತ, ದವಡೆ ನೋವು, ಮಾಮೂಲಿ ದೂರಕ್ಕೇ ಹೊಸದಾಗಿ ಏದುಸಿರು ಬಂದು ನಿಂತರೆ ಹೋಗ್ತಿದೆಯೇ? ಹೆಂಗಸರಲ್ಲಿ ಇದನ್ನ ಗ್ಯಾಸ್ಟ್ರಿಕ್ ಅಂತ ಜೀರಿಗೆ ನೀರು ಕುಡಿಸಿ ಮಲಗಿಸ್ತಾರೆ. ಇಸಿಜಿ ಆಗೋ ತನಕ ಮರುದಿನದ ನಡಿಗೆ ಬೇಡ. ಕೂತಾಗಲೂ ಹೋಗದೆ ಹತ್ತು ನಿಮಿಷ ಉಳಿದರೆ 108.